ಹಳ್ಳಕ್ಕೂ ಒಂದು ಲೆಕ್ಕದ ಪುಸ್ತಕ ಬೇಕು

2023ರ ಬರಗಾಲದಲ್ಲಿ ಒಂದು ಸಂಖ್ಯೆ ನಾಡಿನ ಎಲ್ಲರ ಬಾಯಲ್ಲೂ ಇತ್ತು. ಕಾವೇರಿಯಿಂದ ತಮಿಳುನಾಡಿಗೆ 5,000 ಕ್ಯೂಸೆಕ್ ನೀರನ್ನು ಹದಿನೈದು ದಿನಗಳ ಕಾಲ ಹರಿಸಬೇಕೆಂಬ ಆದೇಶವೇ ಅದು. ಆ ಸಂಖ್ಯೆಗಾಗಿ ಧರಣಿಗಳು ನಡೆದವು, ಬಂದ್‌ಗಳಾದವು. ಆದರೆ 5,000 ಕ್ಯೂಸೆಕ್ ಎಂದರೆ ಎಷ್ಟು ನೀರು ಎಂದು ಕೇಳಿದರೆ ಉತ್ತರಿಸಬಲ್ಲವರು ನಮ್ಮ ನಡುವೆ ವಿರಳ. ನೀರಿಗಾಗಿ ಹೋರಾಡುವವರು ನೀರಿನ ಲೆಕ್ಕವನ್ನು ಅರಿಯದಿರುವುದು ವಿಷಾದದ ಸಂಗತಿ.

ಒಂದು ಸೆಕೆಂಡಿನಲ್ಲಿ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು ಹರಿದುಹೋದರೆ ಅದು ಒಂದು ಕ್ಯೂಸೆಕ್. ಇದು ಹರಿವಿನ ಅಳತೆ. ಟಿಎಂಸಿ ಎಂಬುದು ಸಂಗ್ರಹದ ಅಳತೆ. ನೂರು ಕೋಟಿ ಘನ ಅಡಿ ನೀರು ಒಂದು ಟಿಎಂಸಿ. 11,574 ಕ್ಯೂಸೆಕ್ ಹರಿವು ಒಂದು ಹಗಲು, ಒಂದು ರಾತ್ರಿ ಎಡೆಬಿಡದೆ ಸಾಗಿದರೆ ಒಂದು ಟಿಎಂಸಿ ಆಗುತ್ತದೆ. ಆ ಪ್ರಕಾರ 5,000 ಕ್ಯೂಸೆಕ್ ಹದಿನೈದು ದಿನ ಹರಿದರೆ ಸುಮಾರು ಆರೂವರೆ ಟಿಎಂಸಿ. ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ 49 ಟಿಎಂಸಿಗೆ ತುಸು ಹೆಚ್ಚು. ಈಗ ಆ ಆದೇಶದ ತೂಕವನ್ನು ಓದುಗರೇ ಅಂದಾಜು ಮಾಡಬಹುದು.

ನದಿಯನ್ನು ಅಳೆದವರ ಮಾತಿಗೇ ಬೆಲೆ ಎಂಬುದು ಕಾವೇರಿಯ ಚರಿತ್ರೆ ಕಲಿಸುವ ಪಾಠ. 1924ರ ಒಪ್ಪಂದದ ಕಾಲದಲ್ಲಿ ಕೃಷ್ಣರಾಜಸಾಗರದಲ್ಲಿ ಎಷ್ಟು ನೀರನ್ನು ತಡೆದಿಡಬಹುದೆಂಬುದು ತಿರುಚಿರಾಪಳ್ಳಿಯ ಬಳಿಯ ಮೇಲಣೆಯ ಮಾಪಕ ತೋರಿಸುವ ಅಡಿಗಳನ್ನು ಅವಲಂಬಿಸಿತ್ತು. 2007ರಲ್ಲಿ ನ್ಯಾಯಮಂಡಳಿ ಇಡೀ ಕಣಿವೆಯ ನೀರು 740 ಟಿಎಂಸಿ ಎಂದು ಗಣಿಸಿದ್ದು ದೀರ್ಘಕಾಲದ ಹರಿವಿನ ದಾಖಲೆಗಳಿಂದ. 2018ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕವು ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದು ತೀರ್ಪಿತ್ತಾಗ, ಆ ನೀರನ್ನು ಎಣಿಸುವ ಸ್ಥಳ ಬಿಳಿಗುಂಡ್ಲು ಎಂದೂ ನಿಗದಿಯಾಗಿತ್ತು. ಅಳತೆಯ ಕೋಲು ಎಲ್ಲಿ ನಿಂತಿದೆಯೋ ಅಲ್ಲಿನ ನೀರಷ್ಟೇ ಲೆಕ್ಕಕ್ಕೆ ಸಿಗುತ್ತದೆ.

ನಮ್ಮ ಸೀಮೆಯ ಸ್ಥಿತಿಯೇನು? ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಧುಮುಕಿ, ಹನಗೋಡು, ಹುಣಸೂರುಗಳನ್ನು ಹಾದು ಕೃಷ್ಣರಾಜಸಾಗರವನ್ನು ಸೇರುವ ಲಕ್ಷ್ಮಣತೀರ್ಥಕ್ಕೆ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೊಂದು ಕೆ.ಎಂ. ವಾಡಿಯಲ್ಲಿದೆ. ಕಾವೇರಿಗೆ ಕುಡಿಗೆಯಲ್ಲಿದೆ, ಕಪಿಲೆಗೆ ತಿರುಮಕೂಡಲು ನರಸೀಪುರದಲ್ಲಿದೆ. ಮಳೆಯನ್ನಂತೂ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಅಳೆಯುತ್ತಿದೆ. ಆದರೆ ಬಿದ್ದ ಮಳೆಯನ್ನು ನದಿಗೆ ತಲುಪಿಸುವ ತೊರೆ, ಹಳ್ಳ, ಒರತೆಗಳ ಲೆಕ್ಕವನ್ನು ಬರೆದಿಡುವವರಿಲ್ಲ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಿಂದ ಇಳಿಯುವ ನೀರು ಎಷ್ಟು, ಮಳೆ ನಿಂತ ಮೇಲೆ ಅದು ಎಷ್ಟು ದಿನ ಹರಿಯುತ್ತದೆ ಎಂಬುದಕ್ಕೆ ನಾವು ಯಾವ ಕಾಗದವನ್ನು ತೋರಿಸಬಲ್ಲೆವು?

ಈ ಕೊರತೆಯ ಪರಿಣಾಮ ಸಣ್ಣದಲ್ಲ. ಕಾಡು ಕಡಿದುದರಿಂದ ಹಳ್ಳ ಬತ್ತಿತು ಎಂದು ನಾವು ಹೇಳುತ್ತೇವೆ. ಮಳೆ ಕಡಿಮೆಯಾದುದರಿಂದ ಬತ್ತಿತು ಎಂದು ಅಧಿಕಾರಿಗಳು ಹೇಳುತ್ತಾರೆ. ಮೇಲಿನ ಊರಿನ ಪಂಪ್‌ಸೆಟ್ಟುಗಳೇ ಕಾರಣವೆಂದು ಕೆಳಗಿನ ಊರಿನವರು ದೂರುತ್ತಾರೆ. ದಾಖಲೆ ಇಲ್ಲದೆಡೆ ಎಲ್ಲ ವಾದಗಳೂ ಸಮಾನ. ಕೊನೆಗೆ ಬಲವಿದ್ದವನ ವಾದ ಗೆಲ್ಲುತ್ತದೆ.

ಹರಿವನ್ನು ಅಳೆಯಲು ದುಬಾರಿ ಯಂತ್ರಗಳೇ ಬೇಕೆಂದಿಲ್ಲ. ಒರತೆಯ ನೀರನ್ನು ಕೊಳವೆಯೊಂದರ ಮೂಲಕ ಬಕೆಟ್ಟಿಗೆ ಹಿಡಿದು ಗಡಿಯಾರ ನೋಡಿದರೆ ಸಾಕು. 15 ಲೀಟರಿನ ಬಕೆಟ್ ಅರ್ಧ ನಿಮಿಷದಲ್ಲಿ ತುಂಬಿದರೆ ದಿನಕ್ಕೆ 43,200 ಲೀಟರ್ ಆಯಿತು. ತಲೆಗೆ 55 ಲೀಟರಿನಂತೆ ಎಣಿಸಿದರೆ ಅದು 785 ಜನರ ದಿನದ ನೀರು. ಕಣ್ಣಿಗೆ ಬೆರಳ ಗಾತ್ರದ ಧಾರೆಯಾಗಿ ಕಾಣುವುದು ಒಂದು ಊರಿನ ಜೀವಾಧಾರವೆಂದು ಆಗ ತಿಳಿಯುತ್ತದೆ.

ಹಳ್ಳವಾದರೆ, ನೇರವಾಗಿ ಹರಿಯುವ ಹತ್ತು ಮೀಟರ್ ಉದ್ದದ ಭಾಗವನ್ನು ಆರಿಸಿಕೊಳ್ಳಬೇಕು. ಅಗಲವನ್ನು ಅಳೆದು, ಐದಾರು ಕಡೆ ಆಳವನ್ನು ನೋಡಿ ಸರಾಸರಿ ತೆಗೆಯಬೇಕು. ಬಳಿಕ ಒಂದು ಕಿತ್ತಳೆ ಹಣ್ಣನ್ನು ನೀರಿಗೆ ಬಿಡಬೇಕು. ಅದು ಬಹುಪಾಲು ಮುಳುಗಿಯೇ ತೇಲುವುದರಿಂದ ಗಾಳಿಗೆ ಸುಲಭವಾಗಿ ಸಿಗದು. ನಾಲ್ಕು ಮೀಟರ್ ಅಗಲ, ಸರಾಸರಿ 30 ಸೆಂಟಿಮೀಟರ್ ಆಳದ ಹಳ್ಳದಲ್ಲಿ ಹಣ್ಣು ಹತ್ತು ಮೀಟರನ್ನು 20 ಸೆಕೆಂಡಿನಲ್ಲಿ ದಾಟಿತೆನ್ನೋಣ. ಅಗಲ, ಆಳ, ವೇಗಗಳನ್ನು ಗುಣಿಸಿದರೆ ಸೆಕೆಂಡಿಗೆ 600 ಲೀಟರ್ ಬರುತ್ತದೆ. ಮೇಲ್ಮೈಯ ನೀರು ತಳದ ನೀರಿಗಿಂತ ಬೇಗ ಸಾಗುವುದರಿಂದ, ಕಲ್ಲುತಳದ ಹಳ್ಳಕ್ಕೆ ಇದರ ಏಳು ದಶಾಂಶವನ್ನು ಮಾತ್ರ ಹಿಡಿಯಬೇಕು. ಉತ್ತರ 420 ಲೀಟರ್, ಸುಮಾರು 15 ಕ್ಯೂಸೆಕ್. ಮೂರು ಬಾರಿ ಹಣ್ಣು ಬಿಟ್ಟು ಸರಾಸರಿ ತೆಗೆದರೆ ಲೆಕ್ಕ ಇನ್ನಷ್ಟು ನಂಬಿಕೆಗೆ ಅರ್ಹವಾಗುತ್ತದೆ. ತುಂಬಿ ಹರಿಯುವಾಗ ಮಾತ್ರ ಯಾರೂ ನೀರಿಗಿಳಿಯಕೂಡದು. ಸೇತುವೆಯ ಕಂಬದ ಮೇಲೆ ಬರೆದ ಅಡಿಗಳನ್ನು ದೂರದಿಂದ ಓದಿದರೆ ಸಾಕು.

ಎಚ್ಚರಿಕೆಯ ಮಾತೊಂದಿದೆ. ಕಂಬದ ಮೇಲಿನ ಅಡಿ ನೀರಿನ ಎತ್ತರವನ್ನು ತೋರಿಸುತ್ತದೆಯೇ ಹೊರತು ಹರಿವನ್ನಲ್ಲ. ಎತ್ತರ ಎರಡರಷ್ಟಾದರೆ ಹರಿವು ಎರಡರಷ್ಟಾಗುವುದಿಲ್ಲ, ಅದಕ್ಕೂ ಹೆಚ್ಚಾಗುತ್ತದೆ. ಮರಳು ತೆಗೆದು ನದಿಯ ತಳ ಕುಸಿದರೆ ಅದೇ ಅಡಿಗೆ ಬೇರೆಯೇ ಹರಿವು ಇರುತ್ತದೆ. ಹಳೆಯ ಲೆಕ್ಕ ಸುಳ್ಳಾಗುತ್ತದೆ. ಆದ್ದರಿಂದ ಎತ್ತರಕ್ಕೂ ಹರಿವಿಗೂ ಇರುವ ಸಂಬಂಧವನ್ನು ಪ್ರತಿ ಮಳೆಗಾಲದ ನಂತರ ಹೊಸದಾಗಿ ನೋಡಬೇಕು. ಮರಳಿನ ಲೂಟಿ ನದಿಯ ಜೊತೆಗೆ ನದಿಯ ದಾಖಲೆಯನ್ನೂ ಕೆಡಿಸುತ್ತದೆ.

ಪ್ರವಾಹದ ಅಂಕಿಗಳನ್ನು ಎಲ್ಲರೂ ನೆನಪಿಡುತ್ತಾರೆ. ಆದರೆ ಬೆಟ್ಟದ ಆರೋಗ್ಯವನ್ನು ಹೇಳುವುದು ಜನವರಿಯಿಂದ ಮೇ ತಿಂಗಳವರೆಗಿನ ಸಣ್ಣ ಹರಿವು. ಆ ನೀರು ಹಿಂದಿನ ಮಳೆಗಾಲದಲ್ಲಿ ಮಣ್ಣು ಹೀರಿ ಇಟ್ಟುಕೊಂಡದ್ದು. ಮಣ್ಣಿನಲ್ಲಿ ತರಗೆಲೆ, ಬೇರು, ಎರೆಹುಳುಗಳಿದ್ದರೆ ಮಳೆ ಒಳಗಿಳಿದು ನಿಧಾನವಾಗಿ ಹೊರಬರುತ್ತದೆ. ಮಣ್ಣು ಬೆತ್ತಲಾದರೆ ಒಂದೇ ವಾರದಲ್ಲಿ ಕೊಚ್ಚಿಹೋಗುತ್ತದೆ. ಎರಡೂ ಕಡೆ ವರ್ಷದ ಮಳೆ ಒಂದೇ ಇರಬಹುದು, ಬೇಸಿಗೆಯ ಹರಿವು ಒಂದೇ ಇರದು. ಆದ್ದರಿಂದ ಮಳೆಯ ಅಂಕಿಯನ್ನೂ ಹರಿವಿನ ಅಂಕಿಯನ್ನೂ ಅಕ್ಕಪಕ್ಕದಲ್ಲಿ ಬರೆದಾಗಲೇ ಅದು ಸಾಕ್ಷ್ಯವಾಗುತ್ತದೆ. ಒಂದು ವರ್ಷದ ಅಂಕಿ ಏನನ್ನೂ ಸಾಧಿಸದು; ಹತ್ತು ವರ್ಷದ ಅಂಕಿಯನ್ನು ಯಾರೂ ಸುಲಭವಾಗಿ ತಳ್ಳಿಹಾಕಲಾರರು.

ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯಿದೆ ಹೇಳುತ್ತದೆ. ಆ ಸಮಿತಿ ಇಡಬೇಕಾದ ದಾಖಲಾತಿಯಲ್ಲಿ ಊರಿನ ಹಳ್ಳಕ್ಕೂ ಕೆಲವು ಹಾಳೆಗಳನ್ನು ಮೀಸಲಿಡುವುದು ಕಷ್ಟವಲ್ಲ. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಗುಣಾಕಾರ ಬರುತ್ತದೆ. ಊರಿನ ಹಿರಿಯರಿಗೆ ಯಾವ ಒರತೆ ಯಾವ ತಿಂಗಳಲ್ಲಿ ನಿಲ್ಲುತ್ತಿತ್ತೆಂಬ ನೆನಪಿದೆ. ಇಬ್ಬರೂ ಕೂಡಿ ಹದಿನೈದು ದಿನಕ್ಕೊಮ್ಮೆ, ಅದೇ ಸ್ಥಳದಲ್ಲಿ, ಅದೇ ಹೊತ್ತಿನಲ್ಲಿ ಅಳೆದು, ದಿನಾಂಕ ಹಾಕಿ ಬರೆದಿಡಲಿ. ಹರಿವು ನಿಂತ ದಿನ ಸೊನ್ನೆಯನ್ನೂ ತಪ್ಪದೆ ಬರೆಯಲಿ. ಮುಂದೆ ಬೆಟ್ಟವನ್ನು ಉಳಿಸಬೇಕೆಂದು ಕೇಳುವ ದಿನ ಬಂದಾಗ ಆ ಸೊನ್ನೆಯೇ ನಮ್ಮ ಪರವಾಗಿ ಮಾತನಾಡುವ ಮೊದಲ ಸಾಕ್ಷಿಯಾದೀತು.