ಶೇಂಗಾ ತಳಿ ಬದಲಾಗೈತಿ, ತಕ್ಕಡಿ ಬದಲಾಗಿಲ್ಲ



ಮನ್ಯಾಗ ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಟ್ಟರ ಸ್ವಲ್ಪ ದಿನಕ್ಕ ಕಮಟು ವಾಸನೆ ಬರ್ತೈತಿ. ಡಬ್ಬಿ ಮುಚ್ಚಳ ಸರಿ ಇಲ್ಲ ಅಂತ ಬೈತೀವಿ. ಮುಚ್ಚಳದ್ದೂ ತಪ್ಪು ಇರಬಹುದು, ಆದರೆ ಮೂಲ ಕಾರಣ ಕಾಳಿನ ಎಣ್ಣೆಯೊಳಗ ಐತಿ. ಅದರಲ್ಲಿರುವ ಲಿನೋಲಿಕ್ ಆಮ್ಲ ಗಾಳಿ ತಾಗಿದರೆ ಬೇಗ ಕೆಡುತ್ತದೆ. ಒಲಿಕ್ ಆಮ್ಲ ಬಹಳ ದಿನ ತಾಳುತ್ತದೆ. ಚಿಕ್ಕಿ, ಹುರಿದ ಶೇಂಗಾ, ಪೀನಟ್ ಬಟರ್ ಮಾಡುವವರಿಗೆ ಒಲಿಕ್ ಹೆಚ್ಚಿರುವ ಕಾಳು ಬೇಕಾಗಿರೋದು ಇದಕ್ಕೇ.

ಇಂಥ ತಳಿ ಈಗ ನಮ್ಮ ದೇಶದಾಗೂ ಅದಾವ. ಇಕ್ರಿಸ್ಯಾಟ್ ಮತ್ತು ಜುನಾಗಡದ ಶೇಂಗಾ ಸಂಶೋಧನಾ ನಿರ್ದೇಶನಾಲಯದ ಗಿರ್ನಾರ್-4, ಗಿರ್ನಾರ್-5 ತಳಿಗಳು 2020ರಲ್ಲಿ ಬಂದವು. ಸಾದಾ ಶೇಂಗಾ ಎಣ್ಣೆಯಲ್ಲಿ ಒಲಿಕ್ ಅಂದಾಜು ಶೇ 45-50, ಇವುಗಳಲ್ಲಿ ಶೇ 80ರ ಹತ್ತಿರ. ಇವು ಕುಲಾಂತರಿ ಅಲ್ಲ. ಅಮೆರಿಕದ ಫ್ಲೋರಿಡಾದ ಸನ್‌ಒಲಿಕ್ 95ಆರ್ ತಳಿಯ ಗುಣವನ್ನು ಸಂಕರಣ ಮಾಡಿ ತಂದದ್ದು.

ಇನ್ನು ನನ್ನ ತಕರಾರು ಕೇಳ್ರಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತುಕ್ಕು ರೋಗ, ಎಲೆಚುಕ್ಕೆ ರೋಗ ತಡಕೊಂತೈತಿ. ಅದರ ಲಾಭ ನಮ್ಮ ಹೊಲದಾಗೇ ಕಾಣತೈತಿ, ಔಷಧದ ಖರ್ಚು ಉಳಿತೈತಿ. ಒಲಿಕ್‌ನ ಲಾಭ ಕಾಣೋದು ಫ್ಯಾಕ್ಟರಿಯ ಗೋದಾಮಿನಾಗ. ಅಡತಿ ಅಂಗಡಿಯಲ್ಲಿ ಒಂದು ಹಿಡಿ ಕಾಯಿ ಸುಲಿದು, ಕಾಳು ಗಟ್ಟಿ ಐತೋ ಜೊಳ್ಳೋ, ಹಸಿ ಐತೋ ಒಣಗೈತೋ ನೋಡಿ ದರ ಹೇಳ್ತಾರ. ಒಲಿಕ್ ಕಣ್ಣಿಗೆ ಕಾಣಂಗಿಲ್ಲ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 7,263 ರೂಪಾಯಿ. ಅದರಲ್ಲೂ ಒಲಿಕ್‌ಗೆ ಅಂತ ಬೇರೆ ದರ ಇಲ್ಲ. ಗುಣ ನಾವು ಬೆಳೀಬೇಕು, ರೊಕ್ಕ ಬೇರೆಯವರು ಎಣಿಸಬೇಕು ಅಂದರ ಹೆಂಗ?

ಹಂಗಂತ ಈ ತಳಿ ಬ್ಯಾಡ ಅನ್ನಂಗಿಲ್ಲ. ಒಬ್ಬೊಬ್ಬರೇ ಬಿತ್ತಬ್ಯಾಡ್ರಿ ಅಂತೀನಿ. ನಮ್ಮ ಸಾರವಾಡ ಸೀಮ್ಯಾಗ ನೀರಾವರಿ ಇರುವ ಹತ್ತು ಮಂದಿ ಕೂಡಿ ಒಂದೇ ತಳಿ ಹಾಕಿದರೆ ಒಂದು ಲಾರಿ ಮಾಲು ಆಗತೈತಿ. ಅಷ್ಟು ಮಾಲು ಇದ್ದಾಗ ಖರೀದಿದಾರನ ಮುಂದ ಕುಂತು ಮಾತಾಡಬಹುದು. ಬಿತ್ತೋಕಿಂತ ಮೊದಲೇ ಹೆಚ್ಚಿನ ದರ ಎಷ್ಟು, ಒಲಿಕ್ ಪರೀಕ್ಷೆ ಯಾರ ಖರ್ಚು ಅನ್ನೋದು ಕಾಗದದ ಮ್ಯಾಲೆ ಬರಬೇಕು.

ನಮ್ಮ ಕಡೆಯ ಶಿಸ್ತೂ ಬೇಕ್ರಿ. ಶೇಂಗಾ ಸ್ವಕೀಯ ಪರಾಗಸ್ಪರ್ಶದ ಬೆಳೆ, ಹಿಂಗಾಗಿ ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು. ಆದರೆ ರಾಶಿ ಮಷಿನ್‌ನಲ್ಲಿ, ಹಳೇ ಚೀಲದಲ್ಲಿ ಬೇರೆ ತಳಿ ಬೆರೆತರೆ ಎಲ್ಲಾ ಹೋತು. ಕಾಯಿ ಒಣಗಿಸಿ ತೇವ ಶೇ 8ರೊಳಗೆ ತರಬೇಕು. ಹಸಿ ಕಾಯಿ ಚೀಲ ತುಂಬಿದರೆ ಬೂಸ್ಟು ಬಂದು ಅಫ್ಲಾಟಾಕ್ಸಿನ್ ವಿಷ ಆಗತೈತಿ. ಅದು ಹುರಿದರೂ ಪೂರ್ತಿ ಹೋಗಂಗಿಲ್ಲ. ಎಂಥಾ ತಳಿ ಇದ್ದರೂ ಒಣಗಿಸೋ ಕೆಲಸ ನಮ್ಮದೇ.

ವಿಜ್ಞಾನಿಗಳು ತಮ್ಮ ಕೆಲಸ ಮಾಡ್ಯಾರ. ಗುಣಕ್ಕ ದರ ಕೇಳೋದು ನಮ್ಮ ಕೆಲಸ. ಬ್ಯಾಸಗಿ ಶೇಂಗಾ ಬಿತ್ತೋಕಿಂತ ಮೊದಲ ಒಂದು ದಿನ ಕೂಡೋಣ. ಯಾರ್‍ಯಾರು ಬರ್ತೀರಿ, ತಿಳಸ್ರಿ.