ಯುಹಾನಿ, ಯೊವಾನ್ನ, ಅರುಳಪ್ಪ: ಹೆಸರು ನಮ್ಮದಾಗಲಿ



ಮನೆಯಲ್ಲಿ ಮಗು ಹುಟ್ಟಿದರೆ ಈಗ ಹೆಸರು ಹುಡುಕುವುದು ಮೊಬೈಲಿನಲ್ಲಿ. ಬೇರೆ ಯಾರಿಗೂ ಇಲ್ಲದ ಹೆಸರೇ ಬೇಕು. ಅಜ್ಜ ಅಜ್ಜಿ ಚೌರಪ್ಪ, ಚಿನ್ನಪ್ಪ, ಅರುಳಪ್ಪ ಅಂದರೆ "ಅದೆಲ್ಲ ಹಳೇ ಕಾಲದ್ದು" ಎಂದು ನಗುತ್ತೇವೆ. ಆ ಹೆಸರುಗಳನ್ನು ಕೈಬಿಡುವ ಮುಂಚೆ ದೂರದ ಫಿನ್‌ಲೆಂಡಿನ ಒಂದು ಹೆಸರನ್ನು ನೋಡೋಣ.

ಅಲ್ಲಿ ಗಂಡುಮಕ್ಕಳಿಗೆ 'ಯುಹಾನಿ' ಎಂಬ ಹೆಸರು ಬಲು ಸಾಮಾನ್ಯ. ಅದು ನಮ್ಮ ಯೊವಾನ್ನನೇ. 'ದೇವರು ಕೃಪೆ ತೋರಿದ್ದಾರೆ' ಎಂಬ ಅರ್ಥದ ಹೀಬ್ರೂ ಹೆಸರು ಗ್ರೀಕ್, ಲತೀನ್ ಭಾಷೆಗಳನ್ನು ದಾಟಿ ಫಿನ್‌ಲೆಂಡ್ ಸೇರಿ ಯುಹಾನಿ, ಯುಸ್ಸಿ, ಯುಕ್ಕ, ಹನ್ನು ಎಂದೆಲ್ಲ ಆಯಿತು. ಸಂತ ಸ್ನಾನಿಕ ಯೊವಾನ್ನರ ಜನನದ ಹಬ್ಬ ಜೂನ್ 24. ಫಿನ್‌ಲೆಂಡಿನವರು ತಮ್ಮ ನಡುಬೇಸಿಗೆಯ ಹಬ್ಬವನ್ನೇ 'ಯುಹಾನ್ನುಸ್' ಎಂದು ಕರೆಯುತ್ತಾರೆ. ಹೊರಗಿನಿಂದ ಬಂದ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಮನೆಯದಾಗಿಸಿಕೊಂಡರು.

ನಮ್ಮ ಹಿರಿಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅರ್ಥವನ್ನೇ ತಂದರು. ತಮಿಳಿನಲ್ಲಿ 'ಅರುಳ್' ಎಂದರೆ ಕೃಪೆ, ಆದ್ದರಿಂದ ಯೊವಾನ್ನ ಅರುಳಪ್ಪನಾದ. ಲತೀನಿನ 'ಪೌಲುಸ್' ಎಂದರೆ ಚಿಕ್ಕವನು, ಆದ್ದರಿಂದ ಪೌಲ ಚಿನ್ನಪ್ಪನಾದ. ಕನ್ನಡದ ಕಿವಿಗೆ ಅದು ಬಂಗಾರ, ಮೂಲದಲ್ಲಿ ಅದು ದೀನತೆ. ನಮ್ಮ ಉದಕಮಂಡಲ ಧರ್ಮಕ್ಷೇತ್ರ 1955ರಲ್ಲಿ ಮೈಸೂರು ಧರ್ಮಕ್ಷೇತ್ರದಿಂದ ಬೇರೆಯಾಯಿತು. ಗಡಿ ಬಂದರೂ ಈ ಹೆಸರುಗಳು ಎರಡೂ ಕಡೆ ಉಳಿದವು.

ಹೊಸ ಹೆಸರು ಇಡಲೇಬಾರದೇ? ಹಾಗೇನಿಲ್ಲ. ಲೂಕನ ಶುಭಸಂದೇಶದಲ್ಲಿ ಬಂಧುಬಳಗವೆಲ್ಲ ಮಗುವಿಗೆ ತಂದೆಯ ಹೆಸರನ್ನೇ ಇಡಲು ಹೊರಟಾಗ ತಾಯಿ ಎಲಿಜಬೇತ್ ತಡೆದರು. ಆ ವಂಶದಲ್ಲಿ ಯಾರಿಗೂ ಇಲ್ಲದ ಹೆಸರು ಯೊವಾನ್ನ. ಮಾತು ನಿಂತುಹೋಗಿದ್ದ ಜಕರೀಯ ಅದನ್ನೇ ಹಲಗೆಯ ಮೇಲೆ ಬರೆದರು. ಹೆಸರು ಹೊಸದು, ಆದರೆ ಅದರ ಹಿಂದೆ ದೇವರ ಮಾತಿತ್ತು. ಧರ್ಮಸಭೆಯ ಕಾನೂನಿನ 855ನೇ ವಿಧಿ ಕೇಳುವುದೂ ಕ್ರೈಸ್ತ ಭಾವನೆಗೆ ಹೊರತಾದ ಹೆಸರು ಬೇಡ ಎಂದಷ್ಟೇ. ಇಂಗ್ಲಿಷಿನಂತೆ ಕೇಳಿಸಬೇಕೆಂದು ಅದು ಹೇಳುವುದಿಲ್ಲ.

ಹಾಗಾಗಿ ಹಳತೋ ಹೊಸತೋ ಎಂಬುದು ಪ್ರಶ್ನೆಯಲ್ಲ. ಮಗು ದೊಡ್ಡದಾಗಿ "ನನಗೇಕೆ ಈ ಹೆಸರು?" ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಇರಬೇಕು. ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು, ಆಧಾರ್‌ನಲ್ಲಿ ಮತ್ತೊಂದು ಹೆಸರಾದರೆ ಮುಂದೆ ಮದುವೆಗೆ ಪತ್ರ ತೆಗೆಯುವಾಗಲೂ ಅಲೆದಾಟ ತಪ್ಪದು. ದೇವಾಲಯದಲ್ಲಿ ಇಟ್ಟ ಹೆಸರನ್ನೇ ಶಾಲೆಯಲ್ಲೂ ಹೆಮ್ಮೆಯಿಂದ ಬರೆಸೋಣ.

ಈ ಭಾನುವಾರ ಪೂಜೆ ಮುಗಿದ ಮೇಲೆ ಅಜ್ಜ ಅಜ್ಜಿಯರ ಬಳಿ ಕುಳಿತು ಮನೆತನದ ಹೆಸರುಗಳನ್ನೂ ಅವುಗಳ ಅರ್ಥವನ್ನೂ ಬರೆದಿಟ್ಟುಕೊಳ್ಳೋಣ. ಅವರಿರುವಾಗಲೇ ಕೇಳಬೇಕಾದ ಮಾತಿದು.