38,500 ರೂಪಾಯಿಯ ಅರ್ಧ ಸತ್ಯ

1/7

ಕಳೆದ ವರ್ಷ ಇದೇ ಪೇಜ್‌ನಲ್ಲಿ ಒಂದು ರೀಲ್ ಹಾಕಿದ್ದೆ, ನೆನಪಿದ್ಯಾ? ಕಪ್ಪು ಕಾರ್ಬನ್ ಫ್ರೇಮ್ ಡಬ್ಬದಿಂದ ಆಚೆ ಬರುತ್ತೆ, ಅದನ್ನ ಎರಡೇ ಬೆರಳಲ್ಲಿ ಎತ್ತಿ ತೋರಿಸ್ತೀನಿ, ಮೇಲೆ ದಪ್ಪ ಅಕ್ಷರದಲ್ಲಿ ‘38,500ಕ್ಕೆ ಕಾರ್ಬನ್!’ ಈ ಪೇಜ್‌ನಲ್ಲಿ ಅತಿ ಹೆಚ್ಚು ಜನ ನೋಡಿದ ವಿಡಿಯೋ ಅದು. ನಿಮ್ಮಲ್ಲಿ ಎಷ್ಟೋ ಜನ ಫಾಲೋ ಮಾಡೋಕೆ ಶುರು ಮಾಡಿದ್ದೂ ಅದನ್ನ ನೋಡೇ.

ಮೊನ್ನೆ ಅದನ್ನ ತೆಗೆದುಹಾಕಿದೆ. ಯಾಕೆ ಅಂತ ಡಿಎಂ ಮಾಡಿದವರಿಗೆಲ್ಲ ಒಬ್ಬೊಬ್ಬರಿಗೆ ಉತ್ತರ ಕೊಡೋ ಬದಲು ಇಲ್ಲೇ ಬರೀತೀನಿ. ಏಳು ಪೋಸ್ಟ್ ಆಗುತ್ತೆ. ಕ್ಲಾಸ್‌ಮೇಟ್ಸ್, ಜೂನಿಯರ್ಸ್, ದಯವಿಟ್ಟು ಕೊನೇತನಕ ಓದಿ.

ನಮ್ಮ ಒಬ್ಬ ಜೂನಿಯರ್ ಆ ರೀಲ್ ನೋಡಿ ಅಂಥದ್ದೇ ಫ್ರೇಮ್ ಬೇರೆ ಕಡೆಯಿಂದ ತರಿಸಿದ. ರೂಮಲ್ಲೇ ಕೂತು, ವಿಡಿಯೋ ನೋಡ್ಕೊಂಡು, ಒಂದು ಸೆಟ್ ಅಲೆನ್ ಕೀ ಇಟ್ಕೊಂಡು ಸೈಕಲ್ ಕಟ್ಟಿದ. ಹದಿನೈದು ದಿನಕ್ಕೆ, ದೊಡ್ಡನೆಕ್ಕುಂದಿ ಸರ್ವಿಸ್ ರೋಡ್‌ನಲ್ಲಿ ಹಂಪ್ ಇಳಿಯುವಾಗ ಹ್ಯಾಂಡಲ್ ಕಿತ್ತು ಕೈಗೆ ಬಂತು. ಫೋರ್ಕ್‌ನ ಮೇಲಿನ ಕೊಳವೆ, ಅಂದ್ರೆ ಸ್ಟೀರರ್, ಸ್ಟೆಮ್ ಕಚ್ಚಿಕೊಂಡಿರೋ ಜಾಗದಲ್ಲೇ ತುಂಡಾಗಿತ್ತು. ಕಾಲರ್ ಬೋನ್ ಮುರಿದಿದೆ, ಮೊಣಕೈಗೆ ಹೊಲಿಗೆ ಬಿದ್ದಿದೆ. ಹಿಂದೆ ಬರ್ತಿದ್ದ ನೀರಿನ ಟ್ಯಾಂಕರ್ ಸಮಯಕ್ಕೆ ಬ್ರೇಕ್ ಹಾಕಿದ್ದಕ್ಕೆ ಇಷ್ಟಕ್ಕೇ ಮುಗೀತು.

ನೋಡೋಕೆ ಹೋದಾಗ ಅವನು ನನ್ನನ್ನ ಏನೂ ಅನ್ನಲಿಲ್ಲ. ಅವರಮ್ಮ ಮಾತ್ರ ಕಾಫಿ ಲೋಟ ಕೈಗೆ ಕೊಡ್ತಾ ಕೇಳಿದ್ರು: “ನಿನ್ನ ವಿಡಿಯೋ ನೋಡೇ ತರಿಸಿದ್ದಂತೆ, ಹೌದೇನಪ್ಪಾ?”

“ಹೌದು ಆಂಟಿ” ಅಂದೆ. ಬೇರೆ ಏನು ಹೇಳೋಕಾಗುತ್ತೆ?

2/7

ಮೊದಲು ಲೆಕ್ಕ. ರೀಲ್‌ನಲ್ಲಿ ನಾನು ಹೇಳಿದ್ದು ಸುಳ್ಳಲ್ಲ, ಆದ್ರೆ ಅರ್ಧ ಸತ್ಯ. ಫುಲ್ ಬಿಲ್ ಇವತ್ತು ಹಾಕ್ತಿದೀನಿ, ಎರಡನೇ ಫೋಟೋ ನೋಡಿ.

ಫ್ರೇಮ್, ಫೋರ್ಕ್, ಸೀಟ್‌ಪೋಸ್ಟ್, ಹೆಡ್‌ಸೆಟ್: 38,500
ಸಾಗಣೆ: 9,000
ಆಮದು ಸುಂಕ, ತೆರಿಗೆ, ಕೊರಿಯರ್‌ನವರ ಶುಲ್ಕ: 15,800
ಸೆಕೆಂಡ್ ಹ್ಯಾಂಡ್ ಶಿಮಾನೋ 105 ಗ್ರೂಪ್‌ಸೆಟ್: 31,000
ಅಲ್ಯೂಮಿನಿಯಂ ವೀಲ್‌ಸೆಟ್: 14,000
ಟೈರ್, ಟ್ಯೂಬ್: 5,200
ಹ್ಯಾಂಡಲ್‌ಬಾರ್, ಸ್ಟೆಮ್: 4,300
ಸೀಟು, ಟೇಪ್, ಬಾಟಮ್ ಬ್ರಾಕೆಟ್, ಕೇಬಲ್, ಚಿಲ್ಲರೆ: 7,400
ಟಾರ್ಕ್ ರೆಂಚ್, ಕಾರ್ಬನ್ ಪೇಸ್ಟ್, ಉಪಕರಣ: 5,600
ಮೆಕ್ಯಾನಿಕ್ ಅಣ್ಣನ ಕೂಲಿ: 3,500

ಒಟ್ಟು 1,34,300. ರೀಲ್‌ನಲ್ಲಿ ಕುಣಿದ 38,500 ಇದರಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡು ಇಂಟರ್ನ್‌ಶಿಪ್‌ನ ಸ್ಟೈಪೆಂಡ್, ಹಳೇ ಸೈಕಲ್ ಮಾರಿದ ದುಡ್ಡು, ಉಳಿದಿದ್ದು ಅಪ್ಪನ ಜೇಬು. ಆ ಕೊನೇ ಸಾಲನ್ನೂ ರೀಲ್‌ನಲ್ಲಿ ಹೇಳಿರಲಿಲ್ಲ.

‘38,500’ ನಂಬಿ ಹೊರಟ ಹುಡುಗನಿಗೆ ಮಧ್ಯದಲ್ಲಿ ದುಡ್ಡು ಖಾಲಿಯಾಗುತ್ತೆ. ಖಾಲಿಯಾದಾಗ ಅವನು ಏನನ್ನ ಬಿಡ್ತಾನೆ ಹೇಳಿ? ಫ್ರೇಮ್ ಆಗಲೇ ಬಂದಿದೆ. ಗೇರ್ ಇಲ್ದೆ ಸೈಕಲ್ ಓಡಲ್ಲ. ಬಿಡೋಕೆ ಉಳಿದಿರೋದು ಟಾರ್ಕ್ ರೆಂಚ್ ಮತ್ತೆ ಮೆಕ್ಯಾನಿಕ್ ಕೂಲಿ. ನಮ್ಮ ಜೂನಿಯರ್ ಬಿಟ್ಟಿದ್ದೂ ಅವೆರಡನ್ನೇ.

3/7

ಇಷ್ಟು ಓದಿ ‘ಅದಕ್ಕೇ ಹೇಳಿದ್ದು, ಚೈನಾ ಮಾಲು’ ಅಂತ ಕಮೆಂಟ್ ಹಾಕೋಕೆ ಹೊರಟವರು ಸ್ವಲ್ಪ ನಿಲ್ಲಿ. ಆ ಮಾತನ್ನ ನಾನು ಒಪ್ಪಲ್ಲ.

ದೊಡ್ಡ ಬ್ರಾಂಡ್‌ಗಳ ಕಾರ್ಬನ್ ಫ್ರೇಮ್‌ಗಳೂ ಹೆಚ್ಚಿನವು ತಯಾರಾಗೋದು ಚೀನಾ, ತೈವಾನ್ ಕಡೆಯ ಕಾರ್ಖಾನೆಗಳಲ್ಲೇ. ಶಿಯಾಮೆನ್, ಶೆನ್‌ಜೆನ್, ಡೊಂಗ್ವಾನ್ ಸುತ್ತ ಈ ಕೆಲಸದಲ್ಲಿ ಪಳಗಿದ ಕೈಗಳಿವೆ. ‘ಓಪನ್ ಮೋಲ್ಡ್’ ಅಂದ್ರೆ ಕಾರ್ಖಾನೆ ತನ್ನದೇ ಅಚ್ಚಲ್ಲಿ ಫ್ರೇಮ್ ಮಾಡಿ ಯಾರಿಗೆ ಬೇಕಾದ್ರೂ ಮಾರುತ್ತೆ. ಕೊಂಡವರು ತಮ್ಮ ಸ್ಟಿಕ್ಕರ್ ಅಂಟಿಸ್ಕೋತಾರೆ. ಸ್ಟಿಕ್ಕರ್ ಇಲ್ಲ ಅಂದಮಾತ್ರಕ್ಕೆ ಮಾಲು ಕೆಟ್ಟದ್ದು ಅಂತಲ್ಲ.

ಬ್ರಾಂಡ್‌ಗಳದ್ದು ಮುರಿಯಲ್ವಾ? 2021ರ ಮಾರ್ಚ್‌ನಲ್ಲಿ ಬೆಲ್ಜಿಯಂನ ಲ ಸಮಾ ರೇಸ್‌ನಲ್ಲಿ ಮಾಥ್ಯೂ ಫಾನ್ ಡರ್ ಪೂಲ್ ಕೈಲಿದ್ದ ಹ್ಯಾಂಡಲ್‌ಬಾರ್ ಓಡಿಸ್ತಿರುವಾಗಲೇ ಮುರಿದುಹೋಯ್ತು. ಸೈಕಲ್ ಕ್ಯಾನ್ಯನ್ ಕಂಪನಿಯದ್ದು, ಬೆಲೆ ನಮ್ಮಂಥವರು ಕೇಳೋಕೂ ಆಗದಷ್ಟು.

ಆದ್ರೆ ಆಮೇಲೆ ಏನಾಯ್ತು ನೋಡಿ. ಆ ಮಾಡೆಲ್ ಇಟ್ಕೊಂಡಿರೋ ಗ್ರಾಹಕರಿಗೆ ಕಂಪನಿ ‘ಸದ್ಯಕ್ಕೆ ಓಡಿಸಬೇಡಿ’ ಅಂತ ಹೇಳ್ತು. ನನ್ನ ಪ್ರಕಾರ ವ್ಯತ್ಯಾಸ ಇರೋದು ಇಲ್ಲಿ. ಮುರಿಯೋದು ಎಲ್ಲರದ್ದೂ ಮುರಿಯುತ್ತೆ, ಮುರಿದ ಮೇಲೆ ನಿಮಗೆ ಫೋನ್ ಮಾಡೋರು ಯಾರು ಅನ್ನೋದೇ ಪ್ರಶ್ನೆ.

ನಮ್ಮ ಜೂನಿಯರ್ ಮಾರಿದವರಿಗೆ ಮೆಸೇಜ್ ಹಾಕಿದ. ಫೋಟೋ ಕಳಿಸಿ ಅಂದ್ರು, ಕಳಿಸಿದ. ಆಮೇಲೆ ಎರಡು ನೀಲಿ ಟಿಕ್, ಅಷ್ಟೇ. ತಪ್ಪು ಫೋರ್ಕ್‌ನದ್ದೋ ಅವನು ಬಿಗಿ ಮಾಡಿದ್ದರದ್ದೋ, ಅದನ್ನ ಪರೀಕ್ಷೆ ಮಾಡಿ ಹೇಳೋರೇ ಯಾರೂ ಇಲ್ಲ. ಬ್ರಾಂಡಿಗೆ ಕೊಡೋ ಹೆಚ್ಚಿನ ದುಡ್ಡಲ್ಲಿ ಒಂದು ಪಾಲು ಜಾಹೀರಾತಿಗೆ ಹೋಗುತ್ತೆ ನಿಜ. ಇನ್ನೊಂದು ಪಾಲು ಈ ಉತ್ತರ ಕೊಡೋ ಜವಾಬ್ದಾರಿಗೆ. ನೇರವಾಗಿ ಕಾರ್ಖಾನೆಯಿಂದ ತರಿಸಿದ್ರೆ ಆ ಜವಾಬ್ದಾರಿ ನಿಮ್ಮ ಹೆಗಲಿಗೆ ಬರುತ್ತೆ.

4/7

ನಮ್ಮ ಏರಿಯಾದವರಿಗೆ ಕಾರ್ಬನ್ ಹೊಸದೇನಲ್ಲ. ಎಚ್‌ಎಎಲ್ ಕಡೆಯಿಂದ ತೇಜಸ್ ಎದ್ದಾಗ ದೊಡ್ಡನೆಕ್ಕುಂದಿ ಕೆರೆ ಹತ್ರ ನಿಂತವರು ಮಾತು ನಿಲ್ಲಿಸ್ತಾರಲ್ಲ, ಆ ವಿಮಾನದ ಚೌಕಟ್ಟು ತೂಕದ ಲೆಕ್ಕದಲ್ಲಿ ಸುಮಾರು ಶೇಕಡಾ 45ರಷ್ಟು ಕಾರ್ಬನ್ ಕಾಂಪೊಸಿಟ್. ಅದು ಮೊದಲು ಹಾರಿದ್ದೂ ಇಲ್ಲಿಂದಲೇ, 2001ರ ಜನವರಿ 4ರಂದು. ಅದರ ಬಾಲದ ರೆಕ್ಕೆಯನ್ನ ಕಾಂಪೊಸಿಟ್‌ನಲ್ಲಿ ರೂಪಿಸಿದ್ದು ನಮ್ಮೂರಿನದೇ ಎನ್‌ಎಎಲ್. ಯುದ್ಧವಿಮಾನವನ್ನ ಹೊರೋ ವಸ್ತು ನಮ್ಮನ್ನ ಹೊರಲ್ವಾ? ಖಂಡಿತ ಹೊರುತ್ತೆ.

ಆದ್ರೆ ಅಲ್ಲಿ ಪ್ರತಿ ಭಾಗವನ್ನೂ ಅಲ್ಟ್ರಾಸೌಂಡ್‌ನಲ್ಲಿ ನೋಡಿ, ಪದರಗಳ ಮಧ್ಯೆ ಗಾಳಿಗುಳ್ಳೆ ಇದ್ಯಾ, ಪದರ ಬಿಟ್ಕೊಂಡಿದ್ಯಾ ಅಂತ ಪರೀಕ್ಷೆ ಮಾಡ್ತಾರೆ. ಸೈಕಲ್ ಫ್ರೇಮ್‌ನಲ್ಲೂ ಅದೇ ಕಥೆ: ಅಂಟು ಸವರಿದ ಕಾರ್ಬನ್ ಹಾಳೆಗಳನ್ನ ಕತ್ತರಿಸಿ, ನೂರಾರು ತುಂಡುಗಳನ್ನ ಕೈಯಲ್ಲೇ ಅಚ್ಚಿನೊಳಗೆ ಜೋಡಿಸಿ, ಒಳಗಿಂದ ಒತ್ತಡ ಕೊಟ್ಟು ಬೇಯಿಸ್ತಾರೆ. ಒಂದು ಹಾಳೆ ಮಡಚಿಕೊಂಡ್ರೂ, ಕೋನ ತಪ್ಪಿದ್ರೂ ಹೊರಗಿನಿಂದ ಏನೂ ಕಾಣಲ್ಲ. ಮೇಲೆ ಪೇಂಟ್ ಫಳಫಳ ಹೊಳೀತಿರುತ್ತೆ.

ಅದಕ್ಕೇ ‘ಟಿ800 ಕಾರ್ಬನ್’, ‘ಟಿ1000 ಕಾರ್ಬನ್’ ಅನ್ನೋ ಬರಹಕ್ಕೆ ಮರುಳಾಗಬೇಡಿ. ಅವು ಜಪಾನಿನ ಟೋರೆ ಕಂಪನಿಯ ನಾರಿನ ದರ್ಜೆಗಳು. ನಾರು ಯಾವುದು ಅನ್ನೋದನ್ನ ಹೇಳ್ತವೆ, ಕೆಲಸ ಹೇಗೆ ಮಾಡಿದಾರೆ ಅಂತ ಹೇಳಲ್ಲ. ಸೋನಾ ಮಸೂರಿ ಅಕ್ಕಿ ತಂದಮಾತ್ರಕ್ಕೆ ಪುಳಿಯೋಗರೆ ಚೆನ್ನಾಗಿ ಆಗುತ್ತಾ? ಮಾರೋರನ್ನ ಕೇಳಬೇಕಾದ್ದು ಬೇರೆ: ಐಎಸ್‌ಒ 4210 ಪ್ರಕಾರ ಈ ಫ್ರೇಮ್‌ಗೂ ಈ ಫೋರ್ಕ್‌ಗೂ ಪರೀಕ್ಷೆ ಆಗಿದ್ಯಾ, ವರದಿ ಎಲ್ಲಿ, ವರದಿಯಲ್ಲಿ ಇರೋ ಮಾಡೆಲ್ ಸಂಖ್ಯೆ ಇದೇನಾ? ಇಷ್ಟಕ್ಕೆ ನೆಟ್ಟಗೆ ಉತ್ತರ ಕೊಡದವರ ಹತ್ರ ಬಾಟಲ್ ಕೇಜ್ ಕೂಡ ತಗೋಬೇಡಿ.

5/7

ನನ್ನ ಸೈಕಲ್ ಇವತ್ತಿನವರೆಗೂ ತೊಂದರೆ ಕೊಟ್ಟಿಲ್ಲ. ಅದು ನನ್ನ ಜಾಣತನ ಅಲ್ಲ, ಅಪ್ಪಂದು. ಇಲ್ಲಿಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ವರ್ಷಗಟ್ಟಲೆ ಲೇತ್ ಮುಂದೆ ನಿಂತವರು. ಡಬ್ಬ ತೆಗೆದ ದಿನ ನಾನು ಕ್ಯಾಮೆರಾ ಹಿಡಿದೆ, ಅವರು ವರ್ನಿಯರ್ ಹಿಡಿದ್ರು. “ಹೆಸರು ಆಮೇಲೆ ನೋಡು, ಮೊದಲು ಅಳತೆ ನೋಡು.” ಹಿಂದಿನ ಬ್ರೇಕ್ ಕೂರೋ ಜಾಗದಲ್ಲಿ ಪೇಂಟ್ ಗಂಟು ಕಟ್ಟಿದ್ದನ್ನ ಅವರು ಬೆರಳಲ್ಲೇ ಹಿಡಿದ್ರು. ಅದನ್ನ ಮೆಕ್ಯಾನಿಕ್ ಅಣ್ಣ ಸಮ ಮಾಡಿದ್ದಕ್ಕೇ ಬ್ರೇಕ್ ಉಜ್ಜದೆ ಇರೋದು. ರೀಲ್‌ನಲ್ಲಿ ಈ ಭಾಗ ‘ಬೋರ್’ ಅಂತ ಕಟ್ ಮಾಡಿದ್ದೆ. ಕಟ್ ಮಾಡಬಾರದಿದ್ದ ಭಾಗ ಅದೊಂದೇ.

ಕಾರ್ಬನ್ ಕಬ್ಬಿಣದ ಹಾಗಲ್ಲ. ಕಬ್ಬಿಣ ಬಗ್ಗಿ ‘ನೋಡಪ್ಪ, ನಂಗೆ ಆಗ್ತಿಲ್ಲ’ ಅಂತ ಸೂಚನೆ ಕೊಡುತ್ತೆ. ಕಾರ್ಬನ್ ಒಳಗೊಳಗೇ ಸೀಳಿ ಒಂದು ದಿನ ಪಟ್ ಅಂತ ಹೋಗುತ್ತೆ. ನನ್ನ ಸ್ಟೆಮ್ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿದೆ. ಟಾರ್ಕ್ ರೆಂಚ್ ಇಲ್ದೆ ‘ಇನ್ನೊಂದು ಚೂರು’ ಅಂತ ತಿರುಗಿಸಿದ್ರೆ ಅದರ ಎರಡರಷ್ಟು ದಾಟೋದು ಕೈಗೆ ಗೊತ್ತೇ ಆಗಲ್ಲ. ಇನ್ನೊಂದು, ಸ್ಟೀರರ್ ಕೊಳವೆಯೊಳಗೆ ಹಾಕೋ ಎಕ್ಸ್‌ಪ್ಯಾಂಡರ್ ಪ್ಲಗ್ ಸ್ಟೆಮ್ ಕಚ್ಚೋ ಜಾಗಕ್ಕೆ ಸರಿಯಾಗಿ ಒಳಗಿಂದ ಆಸರೆ ಕೊಡಬೇಕು. ಅದು ಮೇಲೆಯೋ ಕೆಳಗೋ ಕೂತ್ರೆ ಸ್ಟೆಮ್ ಟೊಳ್ಳು ಕೊಳವೆಯನ್ನ ಹಿಸುಕಿದಂಗೆ. ಫೋರ್ಕ್ ಕತ್ತರಿಸುವಾಗ ಸ್ಟೆಮ್ ಮೇಲೆ 5 ಮಿಲಿಮೀಟರ್ ಸ್ಪೇಸರ್‌ಗೆ ಜಾಗ ಬಿಡಿ. ಆಗ ಸ್ಟೆಮ್‌ನ ಪೂರ್ತಿ ಹಿಡಿತ ಕೊಳವೆ ಮೇಲೇ ಇರುತ್ತೆ.

6/7

ಈಗ ಯಾರೂ ಕೇಳಿಸ್ಕೊಳ್ಳೋಕೆ ಇಷ್ಟಪಡದ ಪ್ರಶ್ನೆ: ನಿಮಗೆ ಕಾರ್ಬನ್ ಬೇಕಾ?

ಒಳ್ಳೇ ಅಲ್ಯೂಮಿನಿಯಂ ಫ್ರೇಮ್‌ಗೂ ಈ ಥರದ ಕಾರ್ಬನ್ ಫ್ರೇಮ್‌ಗೂ ಸುಮಾರು 600 ಗ್ರಾಂ ವ್ಯತ್ಯಾಸ ಅಂತಿಟ್ಕೊಳ್ಳಿ. ನೀವು, ಸೈಕಲ್, ನೀರಿನ ಬಾಟಲ್ ಎಲ್ಲ ಸೇರಿ 80 ಕೆ.ಜಿ. ಅಂದ್ರೆ ನೂರಕ್ಕೆ ಒಂದೂ ಇಲ್ಲ. ನಂದಿ ಬೆಟ್ಟ ಹತ್ತೋಕೆ 40 ನಿಮಿಷ ತಗೊಳ್ಳೋರಿಗೆ ಉಳಿಯೋದು ಹೆಚ್ಚೂಕಮ್ಮಿ 18 ಸೆಕೆಂಡ್. ಮೇಲೆ ಹೋಗಿ ಸೆಲ್ಫಿಗೆ ಜಾಗ ಹುಡುಕೋಕೇ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. 200 ಕಿ.ಮೀ. ಬ್ರೆವೆಗೆ 13 ಗಂಟೆ 30 ನಿಮಿಷ ಟೈಮ್ ಕೊಡ್ತಾರೆ. ಅಲ್ಲಿ ನಿಮ್ಮನ್ನ ಕೈಬಿಡೋದು ಬೆನ್ನು, ಅಂಗೈ, ಹೊಟ್ಟೆ. ಫ್ರೇಮ್‌ನ ಗ್ರಾಂ ಅಲ್ಲ.

ಇನ್ನು ನಮ್ಮ ರಸ್ತೆ. 2020ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಪಾಪ್-ಅಪ್ ಸೈಕಲ್ ಲೇನ್ ಬಂದಾಗ ಎಷ್ಟು ಖುಷಿಪಟ್ವಿ! ಆಮೇಲೆ ಮೆಟ್ರೋ ಕೆಲಸದ ಬ್ಯಾರಿಕೇಡ್, ಧೂಳು, ಗುಂಡಿ. ಇಂಥ ರಸ್ತೆಗೆ ಬೇಕಾಗಿರೋದು 32 ಮಿಲಿಮೀಟರ್ ಟೈರ್ ಹಿಡಿಸೋ ಫ್ರೇಮ್ ಮತ್ತೆ ನಂಬಿಕಸ್ಥ ಬ್ರೇಕ್.

ಹಾಗಂತ ಯಾರಿಗೂ ಬೇಡ ಅಂತಲ್ಲ. ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟೋ ವರ್ಷದಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಬರ್ತಿದಾರೆ. ರೇಸ್ ಓಡಿಸೋ ಬಡ ಮನೆ ಮಕ್ಕಳಿಗೆ 18 ಸೆಕೆಂಡ್ ಅಂದ್ರೆ ಪದಕ. ಅಂಥವರಿಗೆ ಈ ನೇರ ಕಾರ್ಖಾನೆ ದಾರಿ ನಿಜವಾಗ್ಲೂ ಬಾಗಿಲು ತೆರೆಯುತ್ತೆ. ಆದ್ರೆ ಅವರೂ ಯುಸಿಐ ಗುರುತು ಇದ್ಯಾ ಅಂತ ನೋಡ್ಕೊಂಡೇ ತಗೋಬೇಕು. 2011ರಿಂದ ಯುಸಿಐ ಹೊಸ ಫ್ರೇಮ್‌ಗಳಿಗೆ ಅನುಮೋದನೆ ಕೊಡೋ ಪದ್ಧತಿ ಇಟ್ಟಿದೆ. ಎಷ್ಟೋ ಓಪನ್ ಮೋಲ್ಡ್ ಫ್ರೇಮ್‌ಗಳಿಗೆ ಅದಿಲ್ಲ.

7/7

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ನಿಮ್ಮ ಹತ್ರ ಇರೋದು ಒಂದು ಲಕ್ಷದ ಒಳಗಾ? ಅಂಗಡಿಯಲ್ಲಿ ಕೂತು, ಅಳತೆ ನೋಡಿ, ಅಲ್ಯೂಮಿನಿಯಂ ಸೈಕಲ್ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿದಿದೆ, ಅದರ ಲಾಭ ತಗೊಳ್ಳಿ.

ಕಟ್ಟಲೇಬೇಕು ಅನ್ನೋ ಹುಚ್ಚಿದ್ರೆ ಕಟ್ಟಿ. ಆ ಹುಚ್ಚು ಒಳ್ಳೇದು, ನನಗೆ ನಾಲ್ಕು ಸೆಮಿಸ್ಟರ್ ಕಲಿಸದ್ದನ್ನ ಅದು ಕಲಿಸಿದೆ. ಆದ್ರೆ ಮೊದಲು ಪೂರ್ತಿ ಬಿಲ್ ಬರೀರಿ, ಉಪಕರಣ ಮತ್ತೆ ಕೂಲಿಯನ್ನ ಮೇಲಿನ ಸಾಲಲ್ಲಿ ಬರೀರಿ. ಬಾಟಮ್ ಬ್ರಾಕೆಟ್ ಥ್ರೆಡ್ ಇರೋದೇ ಆರಿಸ್ಕೊಳ್ಳಿ. ಹ್ಯಾಂಡಲ್‌ಬಾರ್, ಸ್ಟೆಮ್ ಅಲ್ಯೂಮಿನಿಯಂ ಇರಲಿ, ಗೊತ್ತಿರೋ ಕಂಪನಿಯದ್ದೇ ಇರಲಿ. ಅಲಿಎಕ್ಸ್‌ಪ್ರೆಸ್ ನಮ್ಮಲ್ಲಿ 2020ರ ನವೆಂಬರ್‌ನಲ್ಲೇ ಬ್ಯಾನ್ ಆದ 43 ಆ್ಯಪ್‌ಗಳಲ್ಲಿ ಒಂದು, ಹಾಗಾಗಿ ಮೆಸೇಜ್‌ನಲ್ಲಿ ಮಾತಾಡಿ ದುಡ್ಡು ಕಳಿಸುವಾಗ ವಾಪಸ್ ಪಡೆಯೋ ದಾರಿ ಏನು ಅಂತ ಮೊದಲೇ ತಿಳ್ಕೊಳ್ಳಿ. ‘ಬಿಲ್‌ನಲ್ಲಿ ಬೆಲೆ ಕಮ್ಮಿ ಬರೀಲಾ?’ ಅಂತ ಅವರೇ ಕೇಳ್ತಾರೆ. ಬೇಡ ಅನ್ನಿ. ಅದು ಕಸ್ಟಮ್ಸ್‌ಗೆ ಸುಳ್ಳು ಹೇಳಿದ ಹಾಗೆ, ದಾರೀಲಿ ಡಬ್ಬ ಒಡೆದುಹೋದ್ರೆ ಪರಿಹಾರವೂ ಆ ಸುಳ್ಳು ಬೆಲೆಗೇ.

ನನ್ನ ಥರ ರೀಲ್ ಮಾಡೋರಿಗೂ ಒಂದು ಮಾತು. ಡಬ್ಬ ತೆಗೆಯೋದನ್ನ ತೋರಿಸಿದ್ರೆ ಬಿಲ್ಲನ್ನೂ ತೋರಿಸಿ. ನಾವು ‘ಅಗ್ಗ’ ಅಂದಿದ್ದನ್ನ ಯಾರೋ ಒಬ್ಬ ನಂಬ್ತಾನೆ, ಅವನಿಗೆ ವರ್ನಿಯರ್ ಹಿಡಿಯೋ ಅಪ್ಪ ಇರಲಿಕ್ಕಿಲ್ಲ.

ಕೊನೇದಾಗಿ, ನನ್ನ ಟಾರ್ಕ್ ರೆಂಚ್ ಮನೇಲಿ ಸುಮ್ನೆ ಕೂತಿರುತ್ತೆ. ದೊಡ್ಡನೆಕ್ಕುಂದಿ, ಮಾರತ್‌ಹಳ್ಳಿ, ಮಹದೇವಪುರ ಕಡೆ ಇರೋ ಯಾರಾದ್ರೂ ಸೈಕಲ್ ಕಟ್ತಿದ್ರೆ ಡಿಎಂ ಮಾಡಿ, ಭಾನುವಾರ ತಗೊಂಡು ಬರ್ತೀನಿ. ದುಡ್ಡು ಬೇಡ. ಅಪ್ಪನೂ ಬರ್ತೀನಿ ಅಂದಿದಾರೆ, ಅವರಿಗೆ ಒಂದು ಟೀ ಕುಡಿಸಿದ್ರೆ ಸಾಕು.

#ದೊಡ್ಡನೆಕ್ಕುಂದಿ #ಸೈಕಲ್‌ಕನ್ನಡ #ಪೂರ್ತಿಬಿಲ್ #ನಮ್ಮಬೆಂಗಳೂರು